ಕಾಣದ ದರ್ಜಿಯೂ ಅಂಗಿಯ ಅಳತೆಯೂ

ಅಂಗಿ ಹೊಲಿಸಿಕೊಳ್ಳಬೇಕೆಂದಾಗ ಬಟ್ಟೆಯನ್ನು ಕೈಯಲ್ಲಿ ಹಿಡಿದು ದರ್ಜಿಯ ಅಂಗಡಿಗೆ ಹೋಗುವುದು ನಮ್ಮ ಊರುಗಳಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿ. ದರ್ಜಿಯು ತನ್ನ ಕೊರಳಲ್ಲಿ ನೇತಾಡುವ ಟೇಪನ್ನು ತೆಗೆದು ಎದೆ, ಸೊಂಟ, ಭುಜ, ತೋಳು, ಕೊರಳುಗಳನ್ನು ಅಳೆಯುತ್ತಾನೆ. ಅವನು ಗಟ್ಟಿಯಾಗಿ ಹೇಳುವ ಅಂಕಿಗಳನ್ನು ಪಕ್ಕದ ಹುಡುಗನು ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ. ಹೊರನೋಟಕ್ಕೆ ಇಷ್ಟೇ ಕೆಲಸ. ಆದರೆ ಆ ಒಂದೆರಡು ನಿಮಿಷಗಳಲ್ಲಿ ದರ್ಜಿಯ ಕಣ್ಣು ಬೇರೊಂದು ಕೆಲಸವನ್ನೂ ಮಾಡುತ್ತಿರುತ್ತದೆ. ಗಿರಾಕಿಯ ಬಲಭುಜ ಎಡಭುಜಕ್ಕಿಂತ ತುಸು ಇಳಿದಿದೆಯೆ, ಬೆನ್ನು ಕೊಂಚ ಬಾಗಿದೆಯೆ, ಹೊಟ್ಟೆ ಮುಂದಕ್ಕೆ ಬಂದಿದೆಯೆ ಎಂಬುದನ್ನೆಲ್ಲ ಅವನು ಗಮನಿಸುತ್ತಾನೆ. ಇವು ಪುಸ್ತಕದಲ್ಲಿ ಬರೆಯಲ್ಪಡುವುದು ಅಪೂರ್ವ. ಬಟ್ಟೆಯನ್ನು ಕತ್ತರಿಸುವಾಗ ಅವು ಅವನ ಕೈಗೆ ತಾವಾಗಿಯೇ ನೆನಪಾಗುವುವು.

ಇತ್ತೀಚಿನ ವರ್ಷಗಳಲ್ಲಿ ಈ ಪದ್ಧತಿಗೆ ಹೊಸದೊಂದು ರೂಪ ಬಂದಿದೆ. ಅಂತರ್ಜಾಲದಲ್ಲಿ ಅಂಗಡಿ ತೆರೆದಿರುವ ಹೊಲಿಗೆಯ ಸಂಸ್ಥೆಗಳು ಅನೇಕ. ಗಿರಾಕಿಯು ಮನೆಯಲ್ಲಿಯೇ ಕುಳಿತು ಮೊಬೈಲಿನ ಪರದೆಯ ಮೇಲೆ ಬಟ್ಟೆಯನ್ನು ಆರಿಸಿ, ಹತ್ತು ಹನ್ನೆರಡು ಅಂಕಿಗಳನ್ನು ತುಂಬಿ, ಹಣ ಸಲ್ಲಿಸಿದರೆ ಸಾಕು. ಕೆಲವು ದಿನಗಳಲ್ಲಿ ಅಂಗಿಯು ಅಂಚೆಯಲ್ಲಿ ಬರುವುದು. ದರ್ಜಿಯು ಗಿರಾಕಿಯನ್ನು ಕಾಣುವುದಿಲ್ಲ. ಗಿರಾಕಿಯು ಬಟ್ಟೆಯನ್ನು ಮುಟ್ಟುವುದಿಲ್ಲ. ಇಬ್ಬರ ನಡುವೆ ಇರುವುದು ಅಂಕಿಗಳು ಮಾತ್ರ. ಒಬ್ಬರ ಮೈಗೆಂದೇ ಕತ್ತರಿಸಿದ ಅಂಗಿಯನ್ನು ಮತ್ತೊಬ್ಬರಿಗೆ ಮಾರಲು ಬಾರದುದರಿಂದ ಅದನ್ನು ಹಿಂದಕ್ಕೆ ಪಡೆಯಲು ಅನೇಕ ಅಂಗಡಿಗಳು ಒಪ್ಪುವುದಿಲ್ಲ. ಮೊದಲ ಸಂದರ್ಶನಕ್ಕೆಂದು ಉಳಿತಾಯದ ಹಣದಲ್ಲಿ ಹೊಲಿಸಿದ ಅಂಗಿಯು ಕಂಕುಳಲ್ಲಿ ಬಿಗಿದರೆ, ಅಥವಾ ಎರಡನೆಯ ಒಗೆತಕ್ಕೇ ತೋಳು ಮಣಿಕಟ್ಟಿನಿಂದ ಮೇಲೇರಿದರೆ, ನಷ್ಟವು ವಿದ್ಯಾರ್ಥಿಯದೇ.

ಹಾಗಾದರೆ ದರ್ಜಿಯ ಕಣ್ಣು ಮಾಡುತ್ತಿದ್ದ ಕೆಲಸವನ್ನು ಅಂಕಿಗಳಿಂದ ಮಾಡಿಸಲು ಸಾಧ್ಯವೆ? ಬಹುಮಟ್ಟಿಗೆ ಸಾಧ್ಯ. ಆದರೆ ಅದಕ್ಕೆ ಮೂರು ಸಂಗತಿಗಳನ್ನು ನಾವು ತಿಳಿದಿರಬೇಕು: ಮೈಯ ಆಕಾರ, ಮೈಗೂ ಬಟ್ಟೆಗೂ ನಡುವಣ ತೆರವು, ಮತ್ತು ಬಟ್ಟೆಯ ಸ್ವಭಾವ. ಇವುಗಳಲ್ಲಿ ಯಾವ ಒಂದನ್ನು ಮರೆತರೂ ಉಳಿದೆರಡರ ಅಂಕಿಗಳು ವ್ಯರ್ಥವಾಗುವುವು.

ಸರಾಸರಿ ಮನುಷ್ಯನು ಎಲ್ಲಿದ್ದಾನೆ?

ಸಿದ್ಧ ಉಡುಪಿನ ಅಂಗಡಿಯಲ್ಲಿ ದೊರೆಯುವ ಅಂಗಿಯು ಎಷ್ಟೋ ಜನರಿಗೆ ಸರಿಯಾಗಿ ಕೂರುವುದಿಲ್ಲವೇಕೆ ಎಂಬ ಪ್ರಶ್ನೆಯಿಂದ ಆರಂಭಿಸೋಣ. 1950ರಲ್ಲಿ ಅಮೆರಿಕದ ವಾಯುಸೇನೆಯು ತನ್ನ ವಿಮಾನ ಸಿಬ್ಬಂದಿಯ ದೇಹದ ಅಳತೆಗಳನ್ನು ತೆಗೆಸಿತು. ಗಿಲ್ಬರ್ಟ್ ಡೇನಿಯಲ್ಸ್ ಎಂಬ ತರುಣ ಸಂಶೋಧಕನು 4,063 ಮಂದಿಯ ಅಳತೆಗಳನ್ನು ಪರಿಶೀಲಿಸಿ 1952ರಲ್ಲಿ ಒಂದು ವರದಿಯನ್ನು ಬರೆದನು. ಉಡುಪಿಗೆ ಬೇಕಾದ ಹತ್ತು ಅಳತೆಗಳನ್ನು ಆರಿಸಿಕೊಂಡು, ಅವುಗಳಲ್ಲಿ ಪ್ರತಿಯೊಂದರಲ್ಲಿಯೂ ಸರಾಸರಿಗೆ ಸಮೀಪವಾಗಿರುವವರು ಎಷ್ಟು ಮಂದಿ ಎಂದು ಅವನು ಒಂದೊಂದಾಗಿ ಜರಡಿ ಹಿಡಿದನು.

ಎತ್ತರದಲ್ಲಿ ಸರಾಸರಿಗೆ ಸಮೀಪವಾಗಿದ್ದವರು 1,055 ಮಂದಿ. ಅವರೊಳಗೆ ಎದೆಯ ಸುತ್ತಳತೆಯಲ್ಲಿಯೂ ಸರಾಸರಿಯಾಗಿದ್ದವರು 302. ಅವರೊಳಗೆ ತೋಳಿನ ಉದ್ದದಲ್ಲಿಯೂ ಸರಾಸರಿಯಾಗಿದ್ದವರು 143. ಎಂದರೆ, ಮೂರು ಅಳತೆಗಳಾಗುವಷ್ಟರಲ್ಲಿಯೇ ನೂರಕ್ಕೆ ಮೂರೂವರೆ ಮಂದಿ ಮಾತ್ರ ಉಳಿದರು! ಹತ್ತನೆಯ ಅಳತೆಯನ್ನು ತಲುಪುವ ವೇಳೆಗೆ ಒಬ್ಬನೂ ಉಳಿಯಲಿಲ್ಲ. ನಾಲ್ಕು ಸಾವಿರಕ್ಕೂ ಮಿಕ್ಕ ಜನರಲ್ಲಿ ‘ಸರಾಸರಿ ಮನುಷ್ಯ’ನು ಸಿಕ್ಕಲೇ ಇಲ್ಲ.

ಇದರಲ್ಲಿ ಆಶ್ಚರ್ಯಪಡಬೇಕಾದುದೇನೂ ಇಲ್ಲ. ಎತ್ತರವಾದವನಿಗೆ ತೋಳು ಉದ್ದವಾಗಿರುವ ಸಂಭವವು ಹೆಚ್ಚು ಎಂಬುದೇನೋ ನಿಜ. ಆದರೆ ಅದು ಸಂಭವ ಮಾತ್ರ, ನಿಯಮವಲ್ಲ. ದೇಹದ ಅಳತೆಗಳು ಒಂದರ ಕೈಯನ್ನೊಂದು ಸಡಿಲವಾಗಿ ಹಿಡಿದು ನಡೆಯುವುವು. ಸಿದ್ಧ ಅಂಗಿಯಾದರೋ ಒಂದೇ ಅಂಕಿಯ ಹಿಂದೆ ಕೊರಳು, ಎದೆ, ತೋಳು, ಭುಜಗಳನ್ನೆಲ್ಲ ಬಿಗಿಯಾಗಿ ಕಟ್ಟಿಬಿಡುತ್ತದೆ. ಎದೆಗೆ ಸರಿಹೋದುದು ತೋಳಿಗೆ ಗಿಡ್ಡವಾಗುವುದು, ತೋಳಿಗೆ ಸರಿಹೋದುದು ಸೊಂಟದಲ್ಲಿ ಚೀಲದಂತೆ ಜೋಲುವುದು ಈ ಕಾರಣದಿಂದಲೇ.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳಬೇಕು. ಅಂತರ್ಜಾಲದ ಕೆಲವು ಅಂಗಡಿಗಳು ‘ಟೇಪು ಬೇಡ; ಎತ್ತರ, ತೂಕ, ವಯಸ್ಸುಗಳನ್ನು ತಿಳಿಸಿದರೆ ಸಾಕು’ ಎನ್ನುವುವು. ಅನೇಕರ ಅಳತೆಗಳನ್ನು ಕೂಡಿಹಾಕಿ, ಆ ಎತ್ತರ ತೂಕಗಳುಳ್ಳವರ ಎದೆ ಎಷ್ಟಿರಬಹುದು, ತೋಳು ಎಷ್ಟಿರಬಹುದು ಎಂದು ಗಣಕಯಂತ್ರವು ಊಹಿಸುವುದು. ತೂಕವು ಎದೆ ಸೊಂಟಗಳ ಸುತ್ತಳತೆಯನ್ನು ತಕ್ಕಮಟ್ಟಿಗೆ ಹೇಳಬಲ್ಲುದು. ಆದರೆ ಭುಜದ ಇಳಿಜಾರನ್ನು ತಕ್ಕಡಿಯು ಎಂದಿಗೂ ಹೇಳಲಾರದು. ಇಂತಹ ಊಹೆಯು ನಮ್ಮನ್ನು ಮತ್ತೆ ಡೇನಿಯಲ್ಸನಿಗೆ ಸಿಕ್ಕದ ಆ ಸರಾಸರಿ ಮನುಷ್ಯನ ಬಳಿಗೇ ಕರೆದೊಯ್ಯುವುದು. ಟೇಪಿನಿಂದ ಅಳೆಯುವ ಅವಕಾಶವಿರುವಾಗ ಊಹೆಗೆ ಒಪ್ಪಿಸುವುದು ಜಾಣತನವಲ್ಲ.

ಚಪ್ಪಟೆಯ ಬಟ್ಟೆ, ದುಂಡನೆಯ ಮೈ

ಒಂದು ಹಾಳೆಯನ್ನು ಕೊಳವೆಯ ಸುತ್ತ ಸುತ್ತಿರಿ. ಒಂದು ನೆರಿಗೆಯೂ ಇಲ್ಲದೆ ಅದು ಕೂರುವುದು. ಅದೇ ಹಾಳೆಯನ್ನು ಚೆಂಡಿನ ಮೇಲೆ ಹೊದಿಸಲು ಯತ್ನಿಸಿರಿ. ಎಲ್ಲಿಯಾದರೂ ಮುದುಡದೆ ಅಥವಾ ಹರಿಯದೆ ಇರದು. ಇದಕ್ಕೆ ಕಾರಣವನ್ನು ಜರ್ಮನಿಯ ಗಣಿತಜ್ಞ ಗೌಸನು 1827ರಲ್ಲಿಯೇ ಸಿದ್ಧಪಡಿಸಿ ತೋರಿಸಿದನು. ಹಿಗ್ಗದೆ ಕುಗ್ಗದೆ ಬಾಗುವ ಯಾವ ಹಾಳೆಯೂ ಗೋಳದ ಮೇಲ್ಮೈಯ ಆಕಾರವನ್ನು ತಾಳಲಾರದು. ಭೂಮಿಯ ನಕಾಶೆಗಳೆಲ್ಲವೂ ಎಲ್ಲಾದರೊಂದು ಕಡೆ ಸೊಟ್ಟಗಿರುವುದು ಇದೇ ಕಾರಣದಿಂದ.

ಮನುಷ್ಯನ ತೋಳು ಬಹುಮಟ್ಟಿಗೆ ಕೊಳವೆಯಂತಿದೆ. ಆದುದರಿಂದ ಅದಕ್ಕೆ ಬಟ್ಟೆ ಹೊದಿಸುವುದು ಸುಲಭ. ಭುಜವಾದರೋ ಎಲ್ಲ ದಿಕ್ಕಿಗೂ ಬಾಗಿದ ಮೇಲ್ಮೈ. ಅಂಗಿಯ ಯೋಗ್ಯತೆ ನಿರ್ಧಾರವಾಗುವುದು ಅಲ್ಲಿಯೇ. ಹಾಗಿದ್ದರೂ ಬಟ್ಟೆಯು ಭುಜದ ಮೇಲೆ ಕಾಗದಕ್ಕಿಂತ ಚೆನ್ನಾಗಿ ಕೂರುವುದಲ್ಲ, ಅದು ಹೇಗೆ? ಒಂದು ಕರವಸ್ತ್ರವನ್ನು ತೆಗೆದುಕೊಂಡು ಹಾಸಿನ ಉದ್ದಕ್ಕೆ ಎಳೆದು ನೋಡಿರಿ, ಅದು ಹಿಗ್ಗುವುದಿಲ್ಲ. ಹೊಕ್ಕಿನ ದಿಕ್ಕಿಗೆ ಎಳೆದರೂ ಅಷ್ಟೆ. ಮೂಲೆಯಿಂದ ಮೂಲೆಗೆ ಎಳೆದರೆ ಮಾತ್ರ ಸುಲಭವಾಗಿ ಹಿಗ್ಗುವುದು. ಎಳೆಗಳು ಉದ್ದವಾಗಲಿಲ್ಲ, ಹಾಸಿಗೂ ಹೊಕ್ಕಿಗೂ ನಡುವೆ ಇದ್ದ ಲಂಬಕೋನವು ಓರೆಯಾಯಿತು. ಬಟ್ಟೆಯು ದುಂಡನೆಯ ಮೈಗೆ ಒಗ್ಗುವ ಗುಟ್ಟು ಇದೇ. ರಷ್ಯದ ಪ್ರಸಿದ್ಧ ಗಣಿತಜ್ಞ ಚೆಬಿಷೆವನು 1878ರಲ್ಲಿ ಪ್ಯಾರಿಸಿನ ವಿಜ್ಞಾನಿಗಳ ಸಭೆಯೊಂದರಲ್ಲಿ ಬಟ್ಟೆ ಕತ್ತರಿಸುವ ವಿಷಯವಾಗಿಯೇ ಉಪನ್ಯಾಸ ಮಾಡಿ, ಬಟ್ಟೆಯನ್ನು ಹಿಗ್ಗದ ಎರಡು ಎಳೆಸಾಲುಗಳ ಬಲೆಯೆಂದು ಭಾವಿಸಿ ಲೆಕ್ಕ ಹಾಕುವ ಬಗೆಯನ್ನು ತೋರಿಸಿದನು. ಅಂತಹ ಬಲೆಗಳಿಗೆ ಗಣಿತಶಾಸ್ತ್ರದಲ್ಲಿ ಇಂದಿಗೂ ಅವನದೇ ಹೆಸರಿದೆ.

ಆದರೆ ಬಟ್ಟೆಯ ಈ ಔದಾರ್ಯಕ್ಕೂ ಮಿತಿಯುಂಟು. ಮಿತಿಮೀರಿದುದನ್ನು ಅದು ನೆರಿಗೆಯ ರೂಪದಲ್ಲಿ ಹೊರಗೆಡಹುವುದು. ಆದುದರಿಂದ ನೆರಿಗೆಗಳನ್ನು ಓದುವುದನ್ನು ಕಲಿಯಬೇಕು. ನಿಮ್ಮಲ್ಲಿರುವ ಯಾವುದಾದರೊಂದು ಅಂಗಿಯನ್ನು ತೊಟ್ಟು, ಕೈಗಳನ್ನು ಇಳಿಬಿಟ್ಟು, ಕನ್ನಡಿಯ ಮುಂದೆ ನಿಲ್ಲಿರಿ. ಕೊರಳ ಬುಡದಿಂದ ಕಂಕುಳಿನ ಕಡೆಗೆ ಓರೆಯಾಗಿ ನೆರಿಗೆಗಳು ಇಳಿದಿದ್ದರೆ ನಿಮ್ಮ ಭುಜಗಳು ಆ ಅಂಗಿಗಿಂತ ಹೆಚ್ಚು ಇಳಿಜಾರಾಗಿವೆ ಎಂದರ್ಥ. ಬೆನ್ನಿನಲ್ಲಿ ಕಾಲರಿನ ಕೆಳಗೆ ಅಡ್ಡಲಾಗಿ ಒಂದು ಮಡಿಕೆ ಕಂಡರೆ ಭುಜಗಳು ಅಂಗಿಗಿಂತ ಹೆಚ್ಚು ಚೌಕವಾಗಿವೆ. ಅಂಗಿಯ ಹಿಂಬದಿಯ ಅಂಚು ಮುಂಬದಿಗಿಂತ ಮೇಲೆದ್ದಿದ್ದರೆ ಬೆನ್ನು ಕೊಂಚ ಬಾಗಿದೆ. ಎದೆಯ ಗುಂಡಿಯಿಂದ ಎರಡೂ ಕಡೆಗೆ ಕಿರಣಗಳಂತೆ ಗೆರೆಗಳು ಹೊರಟಿದ್ದರೆ ಎದೆಯಲ್ಲಿ ಬಿಗಿಯಾಗಿದೆ. ಅಂಗಡಿಯ ದರ್ಜಿಯು ಕಣ್ಣಿನಿಂದ ತಿಳಿಯುತ್ತಿದ್ದುದು ಇವನ್ನೇ. ಅಂತರ್ಜಾಲದ ಅಂಗಡಿಯು ಭುಜದ ಇಳಿಜಾರು, ಮೈಯ ನಿಲುವು ಎಂಬ ಅಂಕಣಗಳನ್ನು ಇಟ್ಟಿದ್ದರೆ ಅವನ್ನು ಖಾಲಿ ಬಿಡಬಾರದು. ಮುಂದಿನಿಂದ, ಹಿಂದಿನಿಂದ, ಪಕ್ಕದಿಂದ ತೆಗೆದ ಚಿತ್ರಗಳನ್ನು ಕೇಳಿದರೆ ಅಲಕ್ಷ್ಯ ಮಾಡಬಾರದು.

ಕಂಕುಳ ಸುತ್ತಿನ ವಿಷಯದಲ್ಲಿ ಅನೇಕರಿಗೆ ತಪ್ಪು ಕಲ್ಪನೆಯುಂಟು. ತೋಳು ಜೋಡಿಸುವ ರಂಧ್ರವು ದೊಡ್ಡದಾದಷ್ಟೂ ಕೈಯಾಡಿಸುವುದು ಸುಲಭ ಎಂದು ಅವರು ತಿಳಿಯುವರು. ನಿಜಾಂಶವು ಇದಕ್ಕೆ ವಿರುದ್ಧವಾಗಿದೆ. ರಂಧ್ರವು ಕೆಳಕ್ಕಿಳಿದಷ್ಟೂ ತೋಳಿನ ಬಟ್ಟೆಯು ಪಕ್ಕೆಯ ಕೆಳಭಾಗಕ್ಕೆ ಹೊಲಿಯಲ್ಪಡುವುದು. ಕೈಯನ್ನು ಮೇಲೆತ್ತಿದಾಗ ಬಾವಲಿಯ ರೆಕ್ಕೆಯಂತೆ ಆ ಬಟ್ಟೆಯು ಬಿಗಿದು ಇಡೀ ಅಂಗಿಯನ್ನೇ ಮೇಲಕ್ಕೆ ಎಳೆಯುವುದು. ಕೈ ತಿರುಗುವ ಕೀಲಿಗೆ ಹೊಲಿಗೆಯು ಸಮೀಪವಾದಷ್ಟೂ ಎಳೆತವು ಕಡಿಮೆ. ಬಸ್ಸಿನಲ್ಲಿ ಮೇಲಿನ ಸಲಾಕೆಯನ್ನು ಹಿಡಿದೊಡನೆ ಅಂಗಿಯು ಪ್ಯಾಂಟಿನಿಂದ ಹೊರಬರುವುದಾದರೆ, ಕಂಕುಳ ಸುತ್ತನ್ನು ಹಿರಿದು ಮಾಡಿಸುವ ಮೊದಲು ಅದು ತೀರ ಕೆಳಗಿಲ್ಲವಷ್ಟೆ ಎಂಬುದನ್ನು ನೋಡಬೇಕು.

ಅಳೆಯುವ ಕ್ರಮ

ಪ್ರಯೋಗಶಾಲೆಯಲ್ಲಿ ಕಲಿತ ಪಾಠಗಳು ಇಲ್ಲಿ ಯಥಾವತ್ತಾಗಿ ಅನ್ವಯಿಸುವುವು. ಅಳತೆಯ ದೋಷಗಳಲ್ಲಿ ಎರಡು ಬಗೆ. ಒಂದೇ ಎದೆಯನ್ನು ಮೂರು ಸಲ ಅಳೆದರೆ 92, 93, 92.5 ಸೆಂ.ಮೀ. ಎಂದು ಬರಬಹುದು, ಇದು ಒಮ್ಮೆ ಹೆಚ್ಚು ಒಮ್ಮೆ ಕಡಿಮೆಯಾಗುವ ದೋಷ. ಮೂರರ ಸರಾಸರಿಯನ್ನು ತೆಗೆದುಕೊಂಡರೆ ಇದರ ಬಹುಭಾಗವು ಪರಿಹಾರವಾಗುವುದು. ಎರಡನೆಯದು ಯಾವಾಗಲೂ ಒಂದೇ ಕಡೆಗೆ ಎಳೆಯುವ ದೋಷ. ಹಳೆಯ ಬಟ್ಟೆಯ ಟೇಪು ಎಳೆದೆಳೆದು ಉದ್ದವಾಗಿದ್ದರೆ, ನೂರು ಸಲ ಅಳೆದು ಸರಾಸರಿ ತೆಗೆದರೂ ಅದು ನೂರು ಸಲವೂ ಕಡಿಮೆಯನ್ನೇ ತೋರಿಸುವುದು. ಆದುದರಿಂದ ಮೊದಲು ಟೇಪನ್ನು ಉಕ್ಕಿನ ಅಳತೆಗೋಲಿನೊಡನೆ ಹೋಲಿಸಿ ಪರೀಕ್ಷಿಸಬೇಕು. ನೂರು ಸೆಂಟಿಮೀಟರಿಗೆ ಎರಡರ ವ್ಯತ್ಯಾಸವಿದ್ದರೂ ಅಂಗಿ ಕೆಟ್ಟಂತೆಯೇ.

ತನ್ನ ಮೈಯನ್ನು ತಾನೇ ಅಳೆದುಕೊಳ್ಳಬಾರದು. ಟೇಪಿನ ಕಡೆ ಬಾಗಿ ನೋಡಿದೊಡನೆ ಭುಜವೂ ಬೆನ್ನೂ ತಮ್ಮ ಸಹಜಸ್ಥಿತಿಯನ್ನು ಬಿಡುವುವು. ಮನೆಯವರೋ ಗೆಳೆಯರೋ ಅಳೆಯಲಿ. ತಾವು ನೇರವಾಗಿ ಮುಂದೆ ನೋಡುತ್ತ, ಎಂದಿನಂತೆ ಉಸಿರಾಡುತ್ತ ನಿಂತಿರಬೇಕು. ಹೊಟ್ಟೆಯನ್ನು ಒಳಕ್ಕೆಳೆದುಕೊಂಡು ಕೊಟ್ಟ ಅಳತೆಯು ಆ ನಿಮಿಷಕ್ಕೆ ಮಾತ್ರ ನಿಜವಾಗಿರುವುದು! ಎದೆಯ ಸುತ್ತ ಟೇಪು ಬೆನ್ನ ಹಿಂದೆ ಜಾರದೆ ನೆಲಕ್ಕೆ ಸಮಾಂತರವಾಗಿರಬೇಕು. ಭುಜದ ತುದಿಯನ್ನು ಗುರುತಿಸಲು ಕೈಯನ್ನು ಪಕ್ಕಕ್ಕೆ ಎತ್ತಿದರೆ ಅಲ್ಲೊಂದು ಸಣ್ಣ ಗುಳಿ ಬೀಳುವುದು. ಆ ಗುಳಿಯಿಂದ ಅಳತೆಯು ಆರಂಭವಾಗಬೇಕು. ತೋಳನ್ನು ಅಳೆಯುವಾಗ ಮೊಳಕೈ ತುಸು ಬಾಗಿರಲಿ; ನೆಟ್ಟಗೆ ಅಳೆದ ತೋಳು ಬರೆಯಲು ಕುಳಿತಾಗ ಗಿಡ್ಡವಾಗುವುದು. ಸೊಂಟವನ್ನು ನಿಂತೂ ಕುಳಿತೂ ಎರಡು ಸಲ ಅಳೆಯುವುದು ಮೇಲು.

ಮಾನದ ಗೊಂದಲವೂ ಸಾಮಾನ್ಯವಾದುದಲ್ಲ. ನಮ್ಮ ದೇಶದಲ್ಲಿ 1958ರಿಂದ ಮೆಟ್ರಿಕ್ ಪದ್ಧತಿಯು ಆಚರಣೆಗೆ ಬಂದಿತಾದರೂ ದರ್ಜಿಯ ಟೇಪು ಇನ್ನೂ ಅಂಗುಲಗಳಲ್ಲಿಯೇ ಮಾತನಾಡುತ್ತದೆ. ಸಿದ್ಧ ಅಂಗಿಯ ಕೊರಳಿನಲ್ಲಿ 40 ಎಂದು ಬರೆದಿದ್ದರೆ ಅದು ಕೊರಳಿನ ಸೆಂಟಿಮೀಟರೂ ಆಗಿರಬಹುದು, ಎದೆಯ ಅಂಗುಲವೂ ಆಗಿರಬಹುದು. ಅಂಗುಲವೊಂದಕ್ಕೆ 2.54 ಸೆಂ.ಮೀ. ಎಂಬ ಲೆಕ್ಕದಲ್ಲಿ ಎಲ್ಲವನ್ನೂ ಒಂದೇ ಮಾನಕ್ಕೆ ತಂದುಕೊಂಡು ಬರೆಯಬೇಕು. ಅದರಂತೆಯೇ ‘ತೋಳಿನ ಉದ್ದ’ ಎಂಬ ಮಾತಿಗೆ ಎರಡು ಅರ್ಥಗಳುಂಟು: ಭುಜದ ತುದಿಯಿಂದ ಮಣಿಕಟ್ಟಿನವರೆಗೆ ಒಂದು, ಕತ್ತಿನ ಹಿಂಬದಿಯ ನಡುವಿನಿಂದ ಭುಜದ ಮೇಲೆ ಹಾಯ್ದು ಮಣಿಕಟ್ಟಿನವರೆಗೆ ಇನ್ನೊಂದು. ಅಂಗಡಿಯು ಯಾವುದನ್ನು ಕೇಳುತ್ತಿದೆ ಎಂಬುದನ್ನು ಅದರ ಚಿತ್ರವನ್ನು ನೋಡಿ ಖಚಿತಪಡಿಸಿಕೊಳ್ಳಬೇಕು.

ಮೈಯನ್ನು ಅಳೆಯುವುದಕ್ಕಿಂತ ಸುಲಭವಾದ ಮಾರ್ಗವೊಂದುಂಟು. ನಿಮಗೆ ಚೆನ್ನಾಗಿ ಒಪ್ಪುವ, ಹಲವು ಸಲ ಒಗೆದ ಅಂಗಿಯೊಂದಿದ್ದರೆ ಅದಕ್ಕೆ ಇಸ್ತ್ರಿ ಮಾಡಿ, ಗುಂಡಿ ಹಾಕಿ, ಮೇಜಿನ ಮೇಲೆ ಹರವಿ ಅದನ್ನೇ ಅಳೆಯಿರಿ. ಅದು ಉಸಿರಾಡುವುದಿಲ್ಲ, ಕದಲುವುದಿಲ್ಲ. ಕುಗ್ಗಬೇಕಾದಷ್ಟು ಆಗಲೇ ಕುಗ್ಗಿರುವುದು. ಆದರೆ ಕಂಕುಳಿನಿಂದ ಕಂಕುಳಿಗೆ 52 ಸೆಂ.ಮೀ. ಇದ್ದರೆ ಎದೆಯ ಸುತ್ತಳತೆ 104 ಆಗುವುದರಿಂದ, ಅರ್ಧ ಸೆಂಟಿಮೀಟರಿನ ತಪ್ಪು ಒಂದು ಸೆಂಟಿಮೀಟರಾಗುವುದೆಂಬುದನ್ನು ನೆನಪಿಡಬೇಕು.

ಸಡಿಲಿನ ಲೆಕ್ಕ

ಮೈಯ ಅಳತೆಗೂ ಅಂಗಿಯ ಅಳತೆಗೂ ಇರುವ ವ್ಯತ್ಯಾಸವನ್ನು ‘ಸಡಿಲು’ ಎಂದು ಕರೆಯೋಣ. ಎದೆ 92 ಸೆಂ.ಮೀ. ಇರುವವನ ಅಂಗಿಯು 102 ಸೆಂ.ಮೀ. ಇದ್ದರೆ ಸಡಿಲು 10 ಸೆಂ.ಮೀ. ಇದು ತುಂಬ ಹೆಚ್ಚಾಯಿತೆಂದು ತೋರಬಹುದು. ಒಂದು ಸಣ್ಣ ಲೆಕ್ಕ ಮಾಡೋಣ. ಎದೆಯನ್ನು ವೃತ್ತವೆಂದು ಭಾವಿಸಿದರೆ, ಸುತ್ತಳತೆಯನ್ನು 2π ಇಂದ, ಎಂದರೆ ಸುಮಾರು 6.28ರಿಂದ, ಭಾಗಿಸಿದಾಗ ತ್ರಿಜ್ಯವು ದೊರೆಯುವುದು. ಸುತ್ತಳತೆಯಲ್ಲಿ 10 ಸೆಂ.ಮೀ. ಹೆಚ್ಚಾದರೆ ತ್ರಿಜ್ಯದಲ್ಲಿ ಹೆಚ್ಚಾಗುವುದು 10 ಭಾಗಿಸು 6.28, ಎಂದರೆ 1.6 ಸೆಂ.ಮೀ. ಮಾತ್ರ. ಮೈಗೂ ಬಟ್ಟೆಗೂ ನಡುವೆ ದೊರೆಯುವ ತೆರವು ಇಷ್ಟೆ! ಈ ಲೆಕ್ಕದಲ್ಲಿ ಎದೆಯ ಗಾತ್ರವು ಎಲ್ಲಿಯೂ ಬರಲಿಲ್ಲವೆಂಬುದನ್ನು ಗಮನಿಸಿರಿ. ಬಡಕಲು ಹುಡುಗನಿಗಾಗಲಿ ದೇವಸ್ಥಾನದ ಆನೆಗಾಗಲಿ 10 ಸೆಂ.ಮೀ. ಸಡಿಲು ಕೊಟ್ಟರೆ ಸುತ್ತಲೂ ಸಿಕ್ಕುವ ತೆರವು ಒಂದೇ.

ಈ ತೆರವಿನಿಂದ ಏನೇನು ನಡೆಯಬೇಕು ನೋಡಿರಿ. ನಮ್ಮ ಭೂಸೇನೆಯ ಭರ್ತಿಯಲ್ಲಿ ತರುಣನು ಉಸಿರೆಳೆದಾಗ ಎದೆ ಕನಿಷ್ಠ 5 ಸೆಂ.ಮೀ. ಹಿಗ್ಗಬೇಕೆಂಬ ನಿಯಮವುಂಟು, ಆಳವಾದ ಉಸಿರೊಂದೇ ಸಡಿಲಿನ ಅರ್ಧವನ್ನು ನುಂಗುವುದೆಂದಾಯಿತು. ಕೈಗಳನ್ನು ಮುಂದೆ ಚಾಚಿದಾಗ ಬೆನ್ನಿನ ಅಗಲ ಹೆಚ್ಚುವುದು; ಅದಕ್ಕೂ ಇಲ್ಲಿಂದಲೇ ಬಟ್ಟೆ ಒದಗಬೇಕು. ಮಿಕ್ಕಲ್ಲಿ ಗಾಳಿಯಾಡಬೇಕು. ಒಂದು ಗ್ರಾಂ ಬೆವರು ಆವಿಯಾಗುವಾಗ ಚರ್ಮದಿಂದ ಸುಮಾರು 580 ಕ್ಯಾಲರಿ ಶಾಖವನ್ನು ಒಯ್ಯುವುದು. ಆದರೆ ಆವಿಯು ಹೊರಹೋಗಲು ದಾರಿಯಿರಬೇಕು. ಮೈಗಂಟಿದ ಅಂಗಿಯಲ್ಲಿ ಆ ದಾರಿಯು ಮುಚ್ಚಿಹೋಗುವುದು. ನಮ್ಮಂತಹ ಉಷ್ಣದೇಶದಲ್ಲಿ ಸಡಿಲೆಂಬುದು ಕೇವಲ ಸೊಗಸಿನ ವಿಷಯವಲ್ಲ.

ಎದೆಗೆ 10ರಿಂದ 12 ಸೆಂ.ಮೀ., ಕೊರಳಿಗೆ ಒಂದರಿಂದ ಒಂದೂವರೆ ಸೆಂ.ಮೀ. ಸಡಿಲು ಸಾಧಾರಣವಾಗಿ ಹಿತವಾದುದು. ಬಿಗಿಯಾದ ಅಂಗಿಯನ್ನು ಮೆಚ್ಚುವವರು ಎದೆಗೆ 8ಕ್ಕೆ ಇಳಿಯಬಹುದು. ಆದರೆ ಈ ಸಡಿಲನ್ನು ಕೂಡಿಸುವವರು ಯಾರು? ಗಿರಾಕಿಯು ಮುಂಜಾಗ್ರತೆಗೆಂದು 10 ಸೆಂ.ಮೀ. ಸೇರಿಸಿ 102 ಎಂದು ಬರೆಯುವನು, ದರ್ಜಿಯು ಅದನ್ನು ಮೈಯ ಅಳತೆಯೆಂದು ತಿಳಿದು ತನ್ನ ಪಾಲಿನ 10ನ್ನು ಸೇರಿಸುವನು, 92 ಸೆಂ.ಮೀ. ಎದೆಗೆ 112 ಸೆಂ.ಮೀ. ಅಂಗಿಯು ಸಿದ್ಧವಾಗಿ ಬರುವುದು. ಇಬ್ಬರೂ ತಪ್ಪು ಅಳೆಯಲಿಲ್ಲ. ಅಂಕಿಯ ಅರ್ಥವನ್ನು ಮಾತ್ರ ಒಬ್ಬೊಬ್ಬರು ಒಂದೊಂದಾಗಿ ತಿಳಿದರು. ಕೇಳುತ್ತಿರುವುದು ಮೈಯ ಅಳತೆಯನ್ನೋ ಸಿದ್ಧವಾದ ಅಂಗಿಯ ಅಳತೆಯನ್ನೋ ಎಂಬುದನ್ನು ತಿಳಿಯದೆ ಒಂದು ಅಂಕಿಯನ್ನೂ ಬರೆಯಬಾರದು.

ನೂಲು, ನೇಯ್ಗೆ, ತೂಕ

ಇನ್ನು ಬಟ್ಟೆಯ ವಿಚಾರ. ಪರದೆಯ ಮೇಲಿನ ಚಿತ್ರವು ಬಟ್ಟೆಯ ವಿನ್ಯಾಸವನ್ನು ತೋರಿಸಬಲ್ಲುದು. ಬಣ್ಣವನ್ನು ಅರೆಬರೆಯಾಗಿ ತೋರಿಸುವುದು. ಅದರ ತೂಕವನ್ನೂ ಮೃದುತ್ವವನ್ನೂ ತೋರಿಸಲಾರದು. ಅದಕ್ಕಾಗಿ ಅಂಗಡಿಗಳು ‘80 ನಂಬರಿನ ನೂಲು’, ‘100 ನಂಬರಿನ ನೂಲು’ ಎಂಬ ಅಂಕಿಗಳನ್ನು ಕೊಡುವುವು. ಒಂದು ಪೌಂಡು ಹತ್ತಿಯಿಂದ 840 ಗಜಗಳ ಎಷ್ಟು ಲಡಿಗಳು ಬರುವುವೋ ಅದು ನೂಲಿನ ನಂಬರು. 100 ನಂಬರಿನ ನೂಲೆಂದರೆ ಒಂದು ಪೌಂಡಿಗೆ 84,000 ಗಜ, ಸುಮಾರು 77 ಕಿಲೋಮೀಟರು. ಅರ್ಧ ಕಿಲೋಗ್ರಾಂಗೂ ಕಡಿಮೆ ಹತ್ತಿಯ ಈ ಎಳೆಯನ್ನು ಬೆಂಗಳೂರಿನಿಂದ ಹಿಡಿದು ಹೊರಟರೆ ತುಮಕೂರನ್ನು ದಾಟಬಹುದು. ಅಷ್ಟು ಸಣ್ಣ ನೂಲಿನ ಅಡ್ಡಕೊಯ್ತದಲ್ಲಿ ನಲವತ್ತರ ಆಸುಪಾಸು ಹತ್ತಿಯ ನಾರುಗಳು ಮಾತ್ರ ಇರುವುವು. ಅವು ಜಾರಿ ಬಿಡಿಸಿಕೊಳ್ಳದಿರಬೇಕಾದರೆ ಒಂದೊಂದು ನಾರೂ ಉದ್ದವಾಗಿರಬೇಕು. ಈಜಿಪ್ಟಿನ ಹತ್ತಿ, ಅಮೆರಿಕದ ಪೀಮಾ, ನಮ್ಮ ದೇಶದ ಸುವಿನ್ ಇವುಗಳಿಗೆ ಬೆಲೆಯಿರುವುದು ಈ ಉದ್ದನೆಯ ನಾರಿನಿಂದಲೇ. ಧಾರವಾಡದಲ್ಲಿ ರೂಪುಗೊಂಡ ಡಿ.ಸಿ.ಎಚ್.-32 ಎಂಬ ಸಂಕರ ತಳಿಯೂ ಇದೇ ಗುಂಪಿಗೆ ಸೇರಿದುದು.

ನಂಬರು ಹೆಚ್ಚಿದಷ್ಟೂ ಬಟ್ಟೆ ಉತ್ತಮವೆಂದು ಭಾವಿಸಬಾರದು. ಅದು ನುಣುಪಾಗುವುದು, ಹಗುರವಾಗುವುದು. ಜೊತೆಗೆ ಬೇಗ ಮುದುಡುವುದು, ಬೇಗ ಸವೆಯುವುದು, ಕೆಲವೊಮ್ಮೆ ಒಳಗಿನ ಬನಿಯನ್ನು ಕಾಣಿಸುವುದು. ದಿನವೂ ಕಾಲೇಜಿಗೆ ತೊಡುವ ಅಂಗಿಗೆ ಮಧ್ಯಮ ನಂಬರಿನ ನೂಲೇ ಹೆಚ್ಚು ಬಾಳುವುದು. ಎರಡೆಳೆಗಳನ್ನು ಹುರಿಗೊಳಿಸಿದ ನೂಲಾದರೆ ಇನ್ನೂ ಮೇಲು.

ನೇಯ್ಗೆಯಲ್ಲಿ ಮುಖ್ಯವಾಗಿ ಮೂರು ಬಗೆಗಳು ಅಂಗಿಯ ಬಟ್ಟೆಯಲ್ಲಿ ಕಾಣುವುವು. ಹಾಸಿನ ಒಂದೆಳೆಯ ಮೇಲೆ, ಮುಂದಿನದರ ಕೆಳಗೆ ಹೊಕ್ಕು ಹಾಯುವುದು ಪಾಪ್ಲಿನ್. ಇದು ಸಮತಲ, ತೆಳು. ಎಳೆಗಳನ್ನು ಜೋಡಿಜೋಡಿಯಾಗಿ ಹಿಡಿದು ನೇಯ್ದುದು ಆಕ್ಸ್‌ಫರ್ಡ್. ಇದು ದಪ್ಪ, ಗಾಳಿಯಾಡುವುದು, ಗಟ್ಟಿ. ಹೆಜ್ಜೆಹೆಜ್ಜೆಗೂ ಒಂದೆಳೆ ಸರಿದು ಓರೆಗೆರೆಗಳನ್ನು ಮೂಡಿಸುವುದು ಟ್ವಿಲ್; ಇದು ಮೃದುವಾಗಿ ಇಳಿಬೀಳುವುದು, ಕಡಿಮೆ ಮುದುಡುವುದು.

ನಾರಿನ ಸ್ವಭಾವವನ್ನೂ ಗಮನಿಸಬೇಕು. ಸಾಧಾರಣ ಹವೆಯಲ್ಲಿ ಹತ್ತಿಯು ತನ್ನ ಒಣತೂಕದ ನೂರಕ್ಕೆ ಸುಮಾರು 8 ಪಾಲು ತೇವವನ್ನು ಹೀರಿಕೊಂಡಿರುವುದು. ಪಾಲಿಯೆಸ್ಟರ್ ಅರ್ಧ ಪಾಲನ್ನೂ ಹೀರದು. ಪಾಲಿಯೆಸ್ಟರ್ ಬೇಗ ಒಣಗುವುದಕ್ಕೂ, ಅದರ ಅಂಗಿಯಲ್ಲಿ ಬೆವರು ಚರ್ಮದ ಮೇಲೆಯೇ ನಿಲ್ಲುವುದಕ್ಕೂ ಕಾರಣವೊಂದೇ. ‘ಇಸ್ತ್ರಿ ಬೇಡದ ಹತ್ತಿ’ ಎಂಬುದೂ ರಸಾಯನಶಾಸ್ತ್ರದ ಕೈವಾಡ. ಹತ್ತಿಯು ನೆನೆದಾಗ ಅದರ ಸೆಲ್ಯುಲೋಸಿನ ಸರಪಣಿಗಳ ನಡುವಣ ಜಲಜನಕದ ಬಂಧಗಳು ಕಳಚಿ, ಒಣಗುವಾಗ ಮುದುಡಿದ ಸ್ಥಿತಿಯಲ್ಲಿಯೇ ಮತ್ತೆ ಕೂಡಿಕೊಳ್ಳುವುವು. ಸರಪಣಿಯಿಂದ ಸರಪಣಿಗೆ ಬಲವಾದ ರಾಸಾಯನಿಕ ಸೇತುವೆಗಳನ್ನು ಹಾಕಿದರೆ ಬಟ್ಟೆಯು ಮುದುಡದು. ಆದರೆ ನಾರಿನ ಶಕ್ತಿಯಲ್ಲಿ ಒಂದಂಶವು ಆ ಸೇತುವೆಗಳಿಗೆ ಸುಂಕವಾಗಿ ಹೋಗುವುದು.

ಹಾಗಿದ್ದರೆ ಕಾಣದ ಬಟ್ಟೆಯನ್ನು ಅರಿಯುವ ಬಗೆ ಹೇಗೆ? ಅಂಗಿಗೆ ಬೇಡಿಕೆ ಕಳುಹಿಸುವ ಮೊದಲು ಬಟ್ಟೆಯ ತುಣುಕುಗಳನ್ನು ತರಿಸಿಕೊಳ್ಳಬೇಕು. ತುಣುಕಿನಲ್ಲಿ 10 ಸೆಂ.ಮೀ. ಉದ್ದ 10 ಸೆಂ.ಮೀ. ಅಗಲದ ಚೌಕವೊಂದನ್ನು ಕತ್ತರಿಸಿ ಕಾಲೇಜಿನ ಪ್ರಯೋಗಶಾಲೆಯ ತಕ್ಕಡಿಯಲ್ಲಿ ತೂಗಿರಿ. ಅದು 1.2 ಗ್ರಾಂ ಇದ್ದರೆ ಒಂದು ಚದರ ಮೀಟರಿಗೆ 120 ಗ್ರಾಂ ಎಂದಾಯಿತು. ಸ್ಥೂಲವಾಗಿ 100ರಿಂದ 120ರವರೆಗಿನದು ಬೇಸಗೆಗೆ ಹಿತ. 140ರ ಮೇಲಿನದು ದಪ್ಪ ಬಟ್ಟೆ. ಈಗಾಗಲೇ ಮೆಚ್ಚಿ ತೊಡುತ್ತಿರುವ ಬಟ್ಟೆಯ ತೂಕವನ್ನು ಬಲ್ಲವರಿಗೆ ಈ ಒಂದು ಅಂಕಿಯು ಚಿತ್ರಗಳಿಗಿಂತ ಹೆಚ್ಚಿನದನ್ನು ಹೇಳುವುದು.

ನೀರು ಮುಟ್ಟಿದ ಮೇಲೆ

ಅಳತೆಯೂ ಸರಿ, ಬಟ್ಟೆಯೂ ಸರಿ. ಆದರೂ ಒಗೆದ ಮೇಲೆ ಅಂಗಿಯು ಗಿಡ್ಡವಾಗುವುದುಂಟು. ಮಗ್ಗದ ಮೇಲೆ ಎಳೆಗಳು ಬಿಗಿಯಾಗಿ ಎಳೆಯಲ್ಪಟ್ಟಿರುವುವು. ನೀರು ತಗಲಿದೊಡನೆ ಆ ಬಿಗಿತವು ಸಡಿಲುವುದು. ಅಷ್ಟೇ ಅಲ್ಲದೆ, ಹತ್ತಿಯ ನಾರು ನೀರು ಕುಡಿದಾಗ ಉದ್ದವಾಗುವುದಕ್ಕಿಂತ ಬಹಳ ಹೆಚ್ಚಾಗಿ ದಪ್ಪವಾಗುವುದು. ಹೊಕ್ಕಿನ ಎಳೆ ದಪ್ಪವಾದರೆ ಅದರ ಮೇಲೆ ಕೆಳಗೆ ಬಳಸಿ ಹೋಗುವ ಹಾಸಿನ ಎಳೆಗೆ ದಾರಿಯು ದೂರವಾಗುವುದು. ಎಳೆಯ ಉದ್ದವು ಇದ್ದಷ್ಟೇ ಇರುವುದರಿಂದ ಬಟ್ಟೆಯೇ ಹತ್ತಿರಕ್ಕೆ ಸರಿಯಬೇಕಾಗುವುದು. ಕುಗ್ಗುವಿಕೆಯ ರಹಸ್ಯವು ಇದು.

ಇದರ ಪರಿಣಾಮವನ್ನು ಲೆಕ್ಕ ಹಾಕೋಣ. ಬಟ್ಟೆಯು ನೂರಕ್ಕೆ 3ರಂತೆ ಕುಗ್ಗಿತೆನ್ನಿ. 64 ಸೆಂ.ಮೀ. ತೋಳಿನಲ್ಲಿ ಸುಮಾರು 2 ಸೆಂ.ಮೀ. ಹೋಯಿತು, 76 ಸೆಂ.ಮೀ. ಉದ್ದದಲ್ಲಿ ಸುಮಾರು 2.3 ಸೆಂ.ಮೀ. ಹೋಯಿತು. 40 ಸೆಂ.ಮೀ. ಕೊರಳಪಟ್ಟಿಯೂ ಅದೇ ಪ್ರಮಾಣದಲ್ಲಿ ಕುಗ್ಗಿದರೆ 1.2 ಸೆಂ.ಮೀ. ಹೋಗಿ, ಕೊರಳಿಗೆಂದು ನಾವು ಕೊಟ್ಟಿದ್ದ ಸಡಿಲೆಲ್ಲ ಬಹುತೇಕ ಮಾಯವಾಗುವುದು.

ಅಮೆರಿಕದ ಸ್ಯಾನ್‌ಫರ್ಡ್ ಕ್ಲೂಯೆಟ್ ಎಂಬವನು ಇದಕ್ಕೊಂದು ಯಾಂತ್ರಿಕ ಉಪಾಯವನ್ನು ಕಂಡುಹಿಡಿದನು. ತೇವಗೊಳಿಸಿದ ಬಟ್ಟೆಯನ್ನು ದಪ್ಪನಾದ ರಬ್ಬರು ಪಟ್ಟಿಯ ಮೇಲೆ ಹಾಯಿಸಿ, ಹಿಗ್ಗಿದ ಪಟ್ಟಿಯು ಮತ್ತೆ ಕುಗ್ಗುವಾಗ ಅದರೊಡನೆ ಬಟ್ಟೆಯನ್ನೂ ಕುಗ್ಗಿಸಿಬಿಡುವುದು ಇದರ ಮರ್ಮ. ಮುಂದೆ ಮನೆಯಲ್ಲಿ ಆಗಬೇಕಾದ ಕುಗ್ಗುವಿಕೆಯು ಕಾರ್ಖಾನೆಯಲ್ಲಿಯೇ ಆಗಿಹೋಗುವುದು. ‘ಸ್ಯಾನ್‌ಫರೈಸ್’ ಎಂಬ ಮಾತು ಅವನ ಹೆಸರಿನಿಂದಲೇ ಬಂದುದು. ಹೀಗೆ ಸಂಸ್ಕರಿಸಿದ ಬಟ್ಟೆಯು ಆಮೇಲೆ ನೂರಕ್ಕೆ ಒಂದರಷ್ಟೂ ಕುಗ್ಗದಂತೆ ಮಾಡಬಹುದು. ಕೈಮಗ್ಗದ ಬಟ್ಟೆ, ಖಾದಿ ಮೊದಲಾದವು ಸಾಮಾನ್ಯವಾಗಿ ಈ ಯಂತ್ರವನ್ನು ಹಾಯ್ದಿರುವುದಿಲ್ಲ. ಅವನ್ನು ಕತ್ತರಿಸುವ ಮೊದಲು ನೆನೆಸಿ ಒಣಗಿಸುವರೆ ಎಂದು ಅಂಗಡಿಯನ್ನು ಕೇಳಬೇಕು.

ಇಲ್ಲಿಯೂ ತುಣುಕು ನಮಗೆ ನೆರವಾಗುವುದು. ಎರಡನೆಯ ತುಣುಕಿನ ಮೇಲೆ ಹಾಸಿನ ಉದ್ದಕ್ಕೂ ಹೊಕ್ಕಿನ ಉದ್ದಕ್ಕೂ 10 ಸೆಂ.ಮೀ. ಅಂತರದಲ್ಲಿ ಬಣ್ಣದ ದಾರದಿಂದ ಗುರುತು ಹಾಕಿ, ಮನೆಯಲ್ಲಿ ಎಂದಿನಂತೆ ಮೂರು ಸಲ ಒಗೆದು, ಒಣಗಿಸಿ, ಇಸ್ತ್ರಿ ಮಾಡಿ ಅಳೆಯಿರಿ. ಗುರುತುಗಳು ಒಂದು ಮಿಲಿಮೀಟರು ಹತ್ತಿರ ಬಂದಿದ್ದರೆ ಕುಗ್ಗುವಿಕೆ ನೂರಕ್ಕೆ 1. ಮೂರು ಮಿಲಿಮೀಟರಾದರೆ ನೂರಕ್ಕೆ 3. ಆ ಪ್ರಮಾಣವನ್ನು ಅಂಗಡಿಗೆ ತಿಳಿಸಿ, ಅವರು ಅದಕ್ಕೆ ಅವಕಾಶ ಕೊಡುವರೇ ಇಲ್ಲವೇ ಎಂದು ವಿಚಾರಿಸಿಕೊಳ್ಳಬಹುದು.

ಮೊದಲ ಅಂಗಿಯೇ ಪ್ರಯೋಗ

ಇಷ್ಟೆಲ್ಲ ಮಾಡಿದರೂ ಮೊದಲ ಅಂಗಿಯು ಪರಿಪೂರ್ಣವಾಗಿ ಬರುವುದೆಂದು ನಿರೀಕ್ಷಿಸಬಾರದು. ಆದುದರಿಂದ ಕಡಿಮೆ ಬೆಲೆಗೆ ಸಿಕ್ಕುವುದೆಂದು ಒಮ್ಮೆಗೇ ನಾಲ್ಕು ಅಂಗಿಗಳನ್ನು ಹೇಳಿಬಿಡದೆ ಒಂದನ್ನೇ ಹೊಲಿಸಬೇಕು. ಅದು ಬಂದೊಡನೆ ಅಳೆದು, ಕೇಳಿದ ಅಂಕಿಗೂ ಬಂದ ಅಂಕಿಗೂ ಇರುವ ವ್ಯತ್ಯಾಸವನ್ನು ಬರೆದಿಡಬೇಕು. ಇದು ಹೊಲಿಗೆಯ ತಪ್ಪು. ಇದಕ್ಕೆ ಅಂಗಡಿಯು ಉತ್ತರ ಹೇಳಬೇಕು. ಮೂರು ಒಗೆತಗಳಾದ ಮೇಲೆ ಮತ್ತೊಮ್ಮೆ ಅಳೆಯಬೇಕು. ಈಗ ಕಾಣುವ ವ್ಯತ್ಯಾಸವು ಬಟ್ಟೆಯದು. ಇವೆರಡೂ ಇಲ್ಲದೆ ಅಂಗಿಯು ಎಲ್ಲಿಯಾದರೂ ಬಿಗಿಯಾದರೆ ಅಥವಾ ಜೋತರೆ, ಅದು ನಾವು ಕೊಟ್ಟ ಅಳತೆಯದು. ಹೀಗೆ ಮೂರು ಕಾರಣಗಳನ್ನು ಬೇರ್ಪಡಿಸಿದವನಿಗೆ ಎರಡನೆಯ ಅಂಗಿಯಲ್ಲಿ ಏನನ್ನು ತಿದ್ದಬೇಕೆಂಬುದು ಸ್ಪಷ್ಟವಾಗುವುದು. ಬೇರ್ಪಡಿಸದವನು ತೋಳು ಗಿಡ್ಡವಾಯಿತೆಂದು ಉದ್ದ ಮಾಡಿಸಿ, ಮುಂದಿನ ಸಲ ಕುಗ್ಗದ ಬಟ್ಟೆಯನ್ನು ಆರಿಸಿ, ಬೆರಳುಗಳನ್ನೆಲ್ಲ ಮುಚ್ಚುವ ಅಂಗಿಯನ್ನು ಪಡೆಯುವನು.

ತಿದ್ದುವಾಗಲೂ ಒಂದು ಸಲಕ್ಕೆ ಒಂದೆರಡು ಅಂಕಿಗಳನ್ನು ಮಾತ್ರ ಬದಲಾಯಿಸಬೇಕು. ಭುಜವನ್ನು ಒಂದು ಸೆಂಟಿಮೀಟರು ಅಗಲಿಸಿದರೆ ತೋಳಿನ ಹೊಲಿಗೆಯು ಕೆಳಗೆ ಸರಿದು ತೋಳು ಅಷ್ಟರಮಟ್ಟಿಗೆ ಉದ್ದವಾದಂತೆ ಆಗುವುದು. ಒಂದನ್ನು ಮುಟ್ಟಿದರೆ ಇನ್ನೊಂದು ಕದಲುವ ಇಂತಹ ಸಂಬಂಧಗಳನ್ನು ಊರಿನ ದರ್ಜಿಯು ಹತ್ತಾರು ವರ್ಷಗಳ ಕೈಕೆಲಸದಿಂದ ತಿಳಿದಿದ್ದನು. ಬಾಯಿಪಾಠವಾಗಿ ಅವನು ಕಲಿತುದನ್ನು ನಾವು ಕಾಗದದ ಮೇಲೆ ಬರೆದು ಕಲಿಯಬೇಕಾಗಿದೆ.

ಆದುದರಿಂದ ಅಳತೆಗಳನ್ನು ಬರೆದಿಡುವ ಪುಸ್ತಕವೊಂದನ್ನು ವಿದ್ಯಾರ್ಥಿಯು ತನ್ನ ಬಳಿಯೇ ಇಟ್ಟುಕೊಳ್ಳಲಿ. ತಾರೀಖು, ಮೈಯ ಅಳತೆ, ಅಂಗಿಯ ಅಳತೆ, ಬಟ್ಟೆಯ ತೂಕ, ಒಗೆತದ ನಂತರದ ಅಳತೆ, ಈ ಐದು ಅಂಕಣಗಳು ಸಾಕು. ಅಂಗಡಿ ಬದಲಾದರೂ ಪುಸ್ತಕವು ಬದಲಾಗುವುದಿಲ್ಲ. ಎಷ್ಟೋ ದೂರದಲ್ಲಿ ಕತ್ತರಿ ಹಿಡಿದು ಕುಳಿತಿರುವ ದರ್ಜಿಗೆ ನಮ್ಮ ಭುಜವನ್ನೂ ಬೆನ್ನನ್ನೂ ಕಾಣಿಸಬಲ್ಲುದು ಆ ಪುಸ್ತಕವೇ.